ಕೈ ಎತ್ತೋದು ಈ ಸಲಕ್ಕೆ, ಚೀಟಿ ಮುಂದಿನ ಸಲಕ್ಕೆ

ಒಳ್ಳೆಯ ಕೆಲಸ ಬೇಡ ಎನ್ನುವ ಮನುಷ್ಯನನ್ನು ನಾನು ಈ ಐವತ್ತಮೂರು ವರ್ಷದಲ್ಲಿ ಒಬ್ಬನನ್ನೂ ಕಂಡಿಲ್ಲ. ಎಲ್ಲರೂ ಬೇಕು ಎನ್ನುವವರೇ. ಈಗ ಬೇಡ ಎನ್ನುತ್ತಾರೆ, ಅಷ್ಟೆ. ನಾನು ಮರಗೆಲಸದ ಆಚಾರಿ. ನಮ್ಮ ದೇವಲಾಪುರದ ಕಡೆ ಒಬ್ಬರ ಮನೆ ಬಾಗಿಲು ಗೆದ್ದಲು ತಿಂದು ಉದುರುತ್ತಿದೆ ಅಂತ ಇಟ್ಟುಕೊಳ್ಳಿ. ಯಜಮಾನರು ನನ್ನನ್ನು ಕರೆಸುತ್ತಾರೆ, ಬಾಗಿಲನ್ನು ಬೆರಳಲ್ಲಿ ಒತ್ತಿ ಹುಡಿ ಉದುರಿಸಿ ತೋರಿಸುತ್ತಾರೆ, 'ಹೊಸದು ಮಾಡಿಸ್ಲೇಬೇಕು ಆಚಾರ್ರೇ' ಎನ್ನುತ್ತಾರೆ. ಅಳತೆ ತಗೊಳ್ಳಲಾ ಎಂದು ನಾನು ಟೇಪು ತೆಗೆದರೆ, 'ಈ ಆಷಾಢ ಒಂದು ಕಳೀಲಿ' ಎನ್ನುತ್ತಾರೆ. ಆಷಾಢ ಕಳೆದರೆ ಪಿತೃಪಕ್ಷ, ಅದು ಕಳೆದರೆ ರಾಗಿ ಕೊಯ್ಲು, ಕೊಯ್ಲು ಮುಗಿಯಿತು ಅಂದರೆ ಧನುರ್ಮಾಸ. ಗೆದ್ದಲಿಗೆ ಮಾತ್ರ ಪಂಚಾಂಗ ಇಲ್ಲ, ಅದು ದಿನಾ ಕೆಲಸಕ್ಕೆ ಹೋಗುತ್ತದೆ.

ನಾನೇನೂ ಕಡಿಮೆಯವನಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಿರಾಕಿಗಳು ಮಂಚ ಯಾವಾಗ ಕೊಡ್ತೀರಿ ಎಂದು ಕೇಳಿದಾಗ ನನ್ನ ಬಾಯಿಂದ ತಾನಾಗಿ ಬರುವ ಮಾತು 'ನಾಳೆ'. ಇದರಲ್ಲಿ ಮೋಸವಿಲ್ಲ. ಕೆಲಸ ಕೆಡಿಸಿ ಬೇಗ ಕೊಡುವುದಕ್ಕಿಂತ ಬೈಸಿಕೊಂಡು ಚೆನ್ನಾಗಿ ಮಾಡುವುದು ಮೇಲು ಎಂದು ನಮ್ಮಪ್ಪ ಕಲಿಸಿದ್ದು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ನನ್ನ ಕೈಗೆ ಉಳಿ ಕೊಟ್ಟವರೂ ಅವರೇ. ಅಂದಿನಿಂದ ಇಂದಿನವರೆಗೆ ನಾನು ನಿಲ್ಲಿಸಿದ ಬಾಗಿಲು ಒಂದೇ ಒಂದೂ ಕಿರುಗುಟ್ಟಿಲ್ಲ. ಓದಿಲ್ಲ ಅನ್ನುವುದೊಂದು ಬಿಟ್ಟರೆ ನನ್ನಲ್ಲಿ ಕೊರತೆ ಇಲ್ಲ ಎಂದೇ ನಾನು ತಿಳಿದುಕೊಂಡಿದ್ದೆ. ಈ ವರ್ಷದ ಮೇ ತಿಂಗಳವರೆಗೂ ಹಾಗೇ ತಿಳಿದುಕೊಂಡಿದ್ದೆ.

ನಮ್ಮದೊಂದು ಸಂಘ ಇದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಕಸುಬುದಾರರು ಸೇರಿ ಕಟ್ಟಿಕೊಂಡಿದ್ದು. ಚಿನ್ನದವರು, ಮರದವರು, ಕಬ್ಬಿಣದವರು ಎಲ್ಲ ಅದರಲ್ಲಿದ್ದೇವೆ. ಪಾಂಡವಪುರದಲ್ಲಿ ಒಂದು ಭವನ, ಶ್ರೀರಂಗಪಟ್ಟಣದಲ್ಲಿ ಹೆಣ್ಣುಮಕ್ಕಳು ಇದ್ದುಕೊಂಡು ಕಾಲೇಜಿಗೆ ಹೋಗಲಿ ಎಂದು ಹನ್ನೆರಡು ರೂಮಿನ ಒಂದು ಹಾಸ್ಟೆಲ್ಲು. ಸಂಘದ ಆಸ್ತಿ ಇಷ್ಟೆ. ಆದರೆ ಪಾರ್ಟಿ ಎರಡು. ಅಧ್ಯಕ್ಷರಾದ ಈರಾಚಾರ್ರು ಕೆ.ಆರ್.ಪೇಟೆಯಲ್ಲಿ ಚಿನ್ನದ ಅಂಗಡಿ ಇಟ್ಟಿರುವುದರಿಂದ ಅವರದು ಅಂಗಡಿ ಪಾರ್ಟಿ. ಶ್ರೀರಂಗಪಟ್ಟಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನ ಸೋಮನದು ಶೆಡ್ ಪಾರ್ಟಿ. ಈ ಸೋಮ ಬೇರೆ ಯಾರೂ ಅಲ್ಲ, ನನ್ನ ಹೆಂಡತಿ ರತ್ನಳ ಒಡಹುಟ್ಟಿದ ತಮ್ಮ. ನನ್ನನ್ನು ಭಾವ ಎಂದು ಕರೆಯುವವನು, ನನ್ನ ಮನೆಯಲ್ಲಿ ಉಂಡು, ಮರ ನಯ ಮಾಡುವ ನನ್ನ ರಂದ ತಗೊಂಡು ಹೋಗಿ ವಾಪಸ್ ಕೊಡದವನು.

ಸಂಘ ಹುಟ್ಟಿದಂದಿನಿಂದ ಚುನಾವಣೆ ಅಂದರೆ ಕೈ ಎತ್ತುವುದು. ಭವನದಲ್ಲಿ ಎಲ್ಲರೂ ಕುಳಿತಿರುತ್ತೇವೆ. ಒಬ್ಬ ಕುರ್ಚಿ ಮೇಲೆ ನಿಂತು, 'ಇವರಿಗೆ ಎಷ್ಟು ಜನ' ಎನ್ನುತ್ತಾನೆ. ಕೈಗಳು ಏಳುತ್ತವೆ, ಅವನು ಎಣಿಸುತ್ತಾನೆ. ವೇದಿಕೆ ಮೇಲೆ ಕುಳಿತವರೂ ಎಣಿಸುತ್ತಾರೆ, ಆದರೆ ಅವರು ಎಣಿಸುವುದು ಸಂಖ್ಯೆಯನ್ನಲ್ಲ. ಈರಾಚಾರ್ರ ಕಣ್ಣು ಗುಲಗಂಜಿ ತೂಕ ಹಿಡಿದು ಪಳಗಿದ ಕಣ್ಣು. ಯಾರ ಕೈ ಮೇಲೆದ್ದಿತು, ಯಾರದು ಅರ್ಧಕ್ಕೆ ನಿಂತಿತು, ಯಾರು ತಲೆ ಕೆರೆಯುವ ನೆಪದಲ್ಲಿ ಎತ್ತಿದರು ಎಂಬುದು ಮೂರು ವರ್ಷವಾದರೂ ಅವರ ಮನಸ್ಸಿನಲ್ಲಿ ಇರುತ್ತದೆ. ಅದರಲ್ಲೂ ನನ್ನ ಕೈಯದು ವಿಶೇಷ ಸಂಕಟ. ಹತ್ತು ವರ್ಷದ ಹಿಂದೆ ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಅರ್ಧ ಹೋಗಿವೆ. ನೂರು ಕೈ ನಡುವೆ ಎತ್ತಿದರೂ ನನ್ನ ಕೈ ನನ್ನ ಹೆಸರು ಕೂಗಿ ಹೇಳುತ್ತದೆ. ಎಡಗೈ ಎತ್ತೋಣವೆಂದರೆ, 'ಯಾಕ್ರೀ ಕಾಳಾಚಾರ್ರೇ, ಸಂಘಕ್ಕೆ ಎಡಗೈ ತೋರಿಸ್ತೀರಿ' ಎಂದು ಜಗಳಕ್ಕೆ ಬರುತ್ತಾರೆ.

ಮೂರು ವರ್ಷದ ಹಿಂದೆ ಸಂಘ ಶೆಡ್ ಪಾರ್ಟಿಯವರ ಕೈಯಲ್ಲಿತ್ತು. ಆಗ ಅಂಗಡಿಯವರು ಎದ್ದು ನಿಂತು, 'ಕೈ ಎತ್ತೋದು ಅನ್ಯಾಯ, ಗುಟ್ಟಾಗಿ ಚೀಟಿ ಹಾಕೋ ಪದ್ಧತಿ ಬರ್ಬೇಕು, ಈ ಸಲದಿಂದ್ಲೇ ಬರ್ಬೇಕು' ಎಂದಿದ್ದರು. ಸೋಮನ ಕಡೆಯವರು ತಲೆಯಾಡಿಸಿ, 'ಚೀಟಿ ಒಳ್ಳೇದೇ. ನಾವೂ ಅದರ ಪರವೇ. ಆದ್ರೆ ಅವಸರ ಬೇಡ, ಮುಂದಿನ ಸಲದಿಂದ ಮಾಡವ' ಎಂದಿದ್ದರು. ಅಂದು ಭಾಮೈದನ ಮುಖ ನೋಡಿ ನಾನು ಶೆಡ್ಡಿಗೆ ಕೈ ಎತ್ತಿದೆ. ಅಂಗಡಿ ಗೆದ್ದಿತು. ಭವನದ ಮೇಲಂತಸ್ತಿನ ಬಾಗಿಲು ಕಿಟಕಿ ಕೆಲಸ ನನಗೆ ಅಂತ ಮಾತಾಗಿತ್ತು. ಅದನ್ನು ಬೇರೆ ಯಾರಿಗೋ ಕೊಟ್ಟು ಪ್ಲೈವುಡ್ ಬಾಗಿಲು ಹಾಕಿಸಿದರು. ಆ ಬಾಗಿಲು ಮಳೆಗಾಲದಲ್ಲಿ ಊದಿಕೊಂಡು ಮುಚ್ಚುವುದಿಲ್ಲ, ಬೇಸಿಗೆಯಲ್ಲಿ ಒಣಗಿ ನಿಲ್ಲುವುದಿಲ್ಲ. ಭವನಕ್ಕೆ ಹೋದಾಗಲೆಲ್ಲ ನಾನು ಮೇಲೆ ಹತ್ತಿ ಅದನ್ನೊಂದು ಸಲ ನೋಡಿ ಬರುತ್ತೇನೆ. ಶತ್ರುವಿನ ಮನೆ ಮದುವೆ ಊಟ ಹಳಸಿತ್ತು ಎಂದು ಕೇಳಿದಾಗ ಆಗುವಂಥ ಒಂದು ನೆಮ್ಮದಿ ಅದರಲ್ಲಿದೆ.

ಈಗ ಮೂರು ವರ್ಷ ತುಂಬಿ ಶ್ರಾವಣದಲ್ಲಿ ಮತ್ತೆ ಚುನಾವಣೆ. ಮಾತುಗಳು ಅವೇ, ಬಾಯಿಗಳು ಅದಲುಬದಲಾಗಿದ್ದವು. ಸೋಮ ಈಗ, 'ಚೀಟಿ ಈ ಸಲವೇ ಬೇಕು, ಇಲ್ದಿದ್ರೆ ಸಂಘವೇ ಬೇಡ' ಎನ್ನುತ್ತಿದ್ದ. ಈರಾಚಾರ್ರು ಶಾಂತವಾಗಿ, 'ಚೀಟಿ ಬೇಡ ಅಂದೋರ್ಯಾರು? ಮುಂದಿನ ಸಲದಿಂದ ಮಾಡವ. ಒಳ್ಳೇ ಕೆಲಸ, ಚೆನ್ನಾಗಿ ಮಾಡವ' ಎನ್ನುತ್ತಿದ್ದರು. ನಾನು ಸೋಮನನ್ನು ಕೇಳಿಯೇಬಿಟ್ಟೆ. 'ಲೋ ಸೋಮ, ಹೋದ ಸಲ ನೀನೇ ಅಲ್ವೇನ್ಲಾ ಅವಸರ ಬೇಡ ಅಂದೋನು?'

'ಅದು ಆಗಿನ ಪರಿಸ್ಥಿತಿ ಭಾವ.'

'ಏನ್ಲಾ ಅಂಥ ಪರಿಸ್ಥಿತಿ?'

'ಆಗ ನಾವು ಗೆಲ್ತೀವಿ ಅಂದ್ಕಂಡಿದ್ದೊ.'

ಭಾಮೈದ ಎಂಬ ಅಭಿಮಾನದಿಂದ ಹೇಳುತ್ತಿಲ್ಲ, ನಾಲ್ಕು ತಾಲ್ಲೂಕಿನಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದ ಮುಖಂಡ ಇನ್ನೊಬ್ಬನಿಲ್ಲ. ನಮ್ಮೂರ ಟೀ ಅಂಗಡಿಯ ಟೀವಿಯಲ್ಲೂ ನಾನು ನೋಡುತ್ತಿರುತ್ತೇನೆ. ಮೆಷಿನ್ನು ಇರಲಿ ಎನ್ನುವವರು, ಚೀಟಿ ಬರಲಿ ಎನ್ನುವವರು, ಎಲ್ಲ ಚುನಾವಣೆ ಒಟ್ಟಿಗೇ ಮಾಡೋಣ ಎನ್ನುವವರು, ಒಬ್ಬರ ಬಾಯಿ ಮೇಲೆ ಒಬ್ಬರು ಬಿದ್ದು ಕೂಗುತ್ತಾರೆ. ಹತ್ತು ನಿಮಿಷ ಗಮನವಿಟ್ಟು ಕೇಳಿದರೆ ಜಗಳ ಏನು ಎಂಬುದರ ಮೇಲಲ್ಲ, ಯಾವಾಗ ಎಂಬುದರ ಮೇಲೆ ಎಂದು ತಿಳಿಯುತ್ತದೆ. ಅವರಲ್ಲಿ ಒಬ್ಬನಾದರೂ ಸೋಮನ ಹಾಗೆ ಬಾಯಿಬಿಟ್ಟು ಕಾರಣ ಹೇಳಿದ್ದನ್ನು ನಾನು ಕೇಳಿಲ್ಲ. ಅವರೆಲ್ಲ ಓದಿದವರು.

ಇದೆಲ್ಲ ನನಗೇಕೆ ಬೇಕಿತ್ತು? ಬೇಕಾಗಿದ್ದು ನನ್ನ ಮಗಳು ಚೈತ್ರಳಿಂದ. ಹತ್ತನೇ ಕ್ಲಾಸಿನಲ್ಲಿ ಸ್ಕೂಲಿಗೇ ಮೊದಲು ಬಂದಳು. ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಸೈನ್ಸು ಸಿಕ್ಕಿತು. ನಮ್ಮೂರಿಂದ ಅಲ್ಲಿಗೆ ಹೋಗಲು ಬೆಳಗ್ಗೆ ಒಂದು ಬಸ್ಸು, ಅದೂ ಬಂದರೆ ಬಂತು. ನಾಗಮಂಗಲಕ್ಕೆ ಹೋಗಿ ಅಲ್ಲಿಂದ ಬಸ್ಸು ಬದಲಾಯಿಸಿ ಮುಟ್ಟುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತದೆ. ಹಾಸ್ಟೆಲ್ ರೂಮು ಸಿಕ್ಕಿದರೆ ಓದು, ಇಲ್ಲದಿದ್ದರೆ ಇಲ್ಲ, ಲೆಕ್ಕ ಅಷ್ಟು ಸಲೀಸು. ರೂಮು ಯಾರಿಗೆ ಎಂದು ತೀರ್ಮಾನ ಮಾಡುವುದು ಸಂಘದ ಕಮಿಟಿ. ಕಮಿಟಿ ಅಂದರೆ ಈರಾಚಾರ್ರು. ಪಟ್ಟಿ ಬರೆಯುವುದು ಜೂನ್ ಮೊದಲ ವಾರ. ಚೀಟಿ ಯಾವಾಗಿನಿಂದ ಎಂದು ತೀರ್ಮಾನಿಸಲು ಕರೆದ ಸಭೆ ಮೇ ಕೊನೆಯ ಭಾನುವಾರ. ನಡುವೆ ಐದು ದಿನ ಇತ್ತು. ಐದು ದಿನದಲ್ಲಿ ಯಾವ ಅಧ್ಯಕ್ಷರೂ ಏನನ್ನೂ ಮರೆಯುವುದಿಲ್ಲ.

ಅರ್ಜಿ ಕೊಡಲು ಹೋದಾಗ ಈರಾಚಾರ್ರು ನನ್ನನ್ನು ಅಂಗಡಿಯೊಳಗೆ ಕೂರಿಸಿ ಕಾಫಿ ತರಿಸಿದರು. 'ನಿಮ್ಮ ಹುಡುಗಿ ವಿಷ್ಯ ನಮ್ಮ ಮನಸಲ್ಲಿ ಅದೆ ಆಚಾರ್ರೇ. ಬುದ್ವಂತೆ. ನಿಮ್ಮ ಮನಸಲ್ಲಿ ನಾವಿದ್ರೆ ಸಾಕು' ಎಂದರು. ನಾನು ಕಾಫಿ ಕುಡಿದು ಕೈ ಮುಗಿದು ಬಂದೆ. ಅದೇ ವಾರ ಸೋಮ ಬಂದು ನಮ್ಮ ಜಗಲಿ ಮೇಲೆ ಕುಳಿತು, 'ಭಾವ, ನಾವು ಗೆದ್ರೆ ನಮ್ ಚೈತ್ರಂಗೆ ಕಾವೇರಿ ಕಾಣೋ ಕಿಟಕಿ ಇರೋ ರೂಮು' ಎಂದ. ಅವನು ಗೆಲ್ಲುವುದು ಶ್ರಾವಣಕ್ಕೆ. ಕಾಲೇಜು ಶುರು ಜೂನಿಗೆ. ಕಾವೇರಿ ಅಲ್ಲಿಯವರೆಗೆ ಕಾಯುತ್ತಾಳೆ, ಕಾಲೇಜು ಕಾಯುವುದಿಲ್ಲ.

ಚೈತ್ರ ಮಾತ್ರ ಇಬ್ಬರ ಮಾತನ್ನೂ ಕೇಳಿ ನಕ್ಕಳು. 'ಅಪ್ಪ, ಚೀಟಿ ಯಾವಾಗಿಂದ ಅನ್ನೋದನ್ನ ಚೀಟಿ ಹಾಕೇ ತೀರ್ಮಾನ ಮಾಡ್ಬೋದಲ್ಲ. ಆಗ ಯಾರಿಗೂ ಭಯ ಇರಲ್ಲ' ಎಂದಳು. ಹದಿನಾರು ವರ್ಷದ ಹುಡುಗಿಗೆ ಹೊಳೆದದ್ದು ನಾಲ್ಕು ತಾಲ್ಲೂಕಿನ ಹಿರಿಯರಿಗೆ ಹೊಳೆದಿರಲಿಲ್ಲ. ಇದನ್ನು ಸಭೆಯಲ್ಲಿ ನಾನೇ ಹೇಳುತ್ತೇನೆ ಎಂದು ಎದೆಯುಬ್ಬಿಸಿದೆ. ರತ್ನ ಬಿಳಿ ಷರಟು ಇಸ್ತ್ರಿ ಮಾಡಿ ಕೊಡುತ್ತಾ, 'ಯೋಳೋದು ಯೋಳಿ. ಆದ್ರೆ ಕೈ ಎತ್ತೋವಾಗ ನನ್ ತಮ್ಮನ ಮುಖನೂ ನೋಡಿ, ಮಗಳ ಮುಖನೂ ನೋಡಿ. ನನ್ ಮುಖ ನೋಡ್ಬೇಡಿ ಬುಡಿ, ಇಪ್ಪತ್ತು ವರ್ಸದಿಂದ ನೋಡಿಲ್ಲ' ಎಂದಳು.

ಭಾನುವಾರ ಪಾಂಡವಪುರದ ಭವನ ತುಂಬಿತ್ತು. ರತ್ನ ಮೆಂಬರಲ್ಲ, ಆದರೂ ಜೊತೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಸಭೆ ಶುರುವಾದ ಕೂಡಲೇ ಊಟ ಮೊದಲೋ ತೀರ್ಮಾನ ಮೊದಲೋ ಎಂದು ಜಗಳವಾಯಿತು. ಅಡುಗೆಯವರನ್ನು ಕರೆಸಿದ್ದು ಅಂಗಡಿ ಪಾರ್ಟಿ, ಹಾಗಾಗಿ ಅವರು ಊಟ ಮೊದಲು ಎಂದರು. ಉಂಡ ಮೇಲೆ ಕೈ ಭಾರವಾಗುತ್ತದೆ ಎಂದು ಶೆಡ್ಡಿನವರು ತೀರ್ಮಾನ ಮೊದಲು ಎಂದರು. ಅಷ್ಟರಲ್ಲಿ ಅರ್ಧ ಜನ ಎಲೆ ಹಾಕಿಕೊಂಡು ಕುಳಿತೇಬಿಟ್ಟಿದ್ದರು. ಪಂಕ್ತಿಯಲ್ಲಿ ನನ್ನ ಎದುರಿಗೆ ಜಯಲಕ್ಷ್ಮಮ್ಮ ಕುಳಿತಿದ್ದಳು. ಕಿಕ್ಕೇರಿ ಕಡೆಯ ಕಮ್ಮಾರರ ಮನೆಯವಳು. ಗಂಡ ತೀರಿಕೊಂಡ ಮೇಲೆ ಕುಲುಮೆ ಆರಿಸದೆ ತಾನೇ ಕುಡುಗೋಲು ಮಚ್ಚು ತಟ್ಟಿ ಸಂಸಾರ ನಡೆಸುವ ಹೆಂಗಸು. ಅವಳ ಮಗಳು ಪವಿತ್ರ ಅದೇ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ಮೊದಲ ವರ್ಷ ಮುಗಿಸಿದ್ದಳು, ಎರಡನೇ ವರ್ಷ ಬಾಕಿ ಇತ್ತು.

'ಯಾವ ಕಡೆ ಜಯಕ್ಕ?' ಎಂದು ಸುಮ್ಮನೆ ಕೇಳಿದೆ.

'ಚೀಟಿ ಕಡೆ ಕಣಣ್ಣ' ಎಂದಳು, ದನಿ ತಗ್ಗಿಸದೆ. 'ಗಂಡ ಸತ್ತಾಗಿಂದ ನನ್ ಕೈ ತಮ್ದೇ ಅಂದ್ಕಂಡವ್ರೆ ಎಲ್ರೂವೆ. ಸುತ್ತಿಗೆ ಹಿಡಿಯೋಕೆ ಮಾತ್ರ ಯಾರೂ ಬರಲ್ಲ.'

'ಮಗಳ ರೂಮು?'

'ಓದೋ ಹುಡುಗಿನ ಹೊರಕ್ಕೆ ಹಾಕ್ತಾರಾ? ಅಷ್ಟು ಕೆಟ್ಟೋರಲ್ಲ ಬುಡಿ.'

ನಾನು ಪಾಯಸಕ್ಕೆ ಕೈ ಹಾಕಿದೆ.

ಊಟವಾದ ಮೇಲೆ ನಾನು ಎದ್ದು ನಿಂತೆ. ಸಭೆಯಲ್ಲಿ ಮಾತಾಡಿದ್ದು ನನ್ನ ಜೀವಮಾನದಲ್ಲೇ ಮೊದಲು. 'ಅಧ್ಯಕ್ಷರೇ, ಚೀಟಿ ಈ ಸಲವೋ ಮುಂದಿನ ಸಲವೋ ಅನ್ನೋ ಈ ತೀರ್ಮಾನ ಒಂದನ್ನ ಚೀಟಿ ಬರೆದು ಮಾಡವ. ಕಾಗದ ನಾನೇ ತಂದಿವ್ನಿ.' ಹೌದು, ಮಗಳ ಹಳೇ ನೋಟ್‌ಬುಕ್ಕಿನ ಹಾಳೆಗಳನ್ನು ಕತ್ತರಿಸಿ, ಒಂದೇ ಅಳತೆಗೆ ಸರಿಮಾಡಿ, ಚೀಲದಲ್ಲಿ ತಂದಿದ್ದೆ. ಈರಾಚಾರ್ರು ಕನ್ನಡಕ ತೆಗೆದು ಒರೆಸಿಕೊಂಡು, 'ಕಾಳಾಚಾರ್ರೇ, ಚೀಟಿ ಹಾಕೋದು ಇನ್ನೂ ಪಾಸಾಗಿಲ್ವಲ್ಲ. ಪಾಸಾಗದೆ ಇರೋ ಪದ್ಧತೀಲಿ ಪಾಸು ಮಾಡೋದೆಂಗೆ? ಕಾನೂನು ಅಂತ ಒಂದು ಅದೆ' ಎಂದರು. ಸಭೆ ಗೊಳ್ಳೆಂದು ನಕ್ಕಿತು. ಸೋಮನೂ ನಕ್ಕ. ನನಗೆ ಸೋಮ ನಕ್ಕಿದ್ದರಿಂದ ನೋವಾಯಿತು. ಯಾಕೆಂದರೆ ಅವನಿಗೂ ಚೀಟಿಗಿಂತ ಕೈಗಳೇ ಬೇಕಾಗಿದ್ದವು. ಯಾರು ತನ್ನವರು ಎಂದು ಅವನೂ ಶ್ರಾವಣಕ್ಕೆ ಮೊದಲೇ ನೋಡಿಕೊಳ್ಳಬೇಕಿತ್ತಲ್ಲ.

ಹೀಗೆ, ಇನ್ನು ಮೇಲೆ ಕೈ ಎತ್ತುವುದು ಬೇಕೋ ಬೇಡವೋ ಎಂಬುದನ್ನು ಕೈ ಎತ್ತಿ ತೀರ್ಮಾನ ಮಾಡುವುದೆಂದು ಆಯಿತು. ಮೊದಲು, 'ಈ ಸಲವೇ ಚೀಟಿ ಅನ್ನೋರು' ಎಂದು ಕೂಗಿದರು. ಹೆಂಗಸರ ಸಾಲಿನಲ್ಲಿ ಜಯಲಕ್ಷ್ಮಮ್ಮನ ಕೈ ಕಂಬದ ಹಾಗೆ ನೆಟ್ಟಗೆ ಎದ್ದಿತು. ಮಸಿ ಹಿಡಿದ ಆ ಕೈ ನೋಡಿ ನನಗೆ ಏನಾಯಿತೋ, ನನ್ನ ಕೈಯೂ ಎದ್ದಿತು. ನಾನು ಎತ್ತಿದ್ದಲ್ಲ, ಅದಾಗಿ ಎದ್ದದ್ದು. ಎಣಿಸಿದರು, ಐವತ್ತಾರು. ಆಮೇಲೆ, 'ಮುಂದಿನ ಸಲ ಅನ್ನೋರು' ಎಂದರು. ಈರಾಚಾರ್ರು ವೇದಿಕೆ ಮೇಲಿಂದ ನೇರವಾಗಿ ನನ್ನನ್ನೇ ನೋಡುತ್ತಿದ್ದರು. ನೋಟದಲ್ಲಿ ಸಿಟ್ಟಿರಲಿಲ್ಲ. ಹಳೇ ಒಡವೆ ಅಡವಿಡಲು ಬಂದವರನ್ನು ನೋಡುವ ಹಾಗೆ, ಕನಿಕರದಿಂದ ನೋಡುತ್ತಿದ್ದರು. ನನ್ನ ಕೈ ಮತ್ತೆ ಎದ್ದಿತು. ಈ ಸಲ ಎತ್ತಿದವನು ನಾನೇ. ಎಣಿಸಿದರು, ಅದೂ ಐವತ್ತಾರು.

ಸರಿಸಮ. ಗದ್ದಲವೋ ಗದ್ದಲ. ಅಷ್ಟರಲ್ಲಿ ಹಾಜರಿ ಪುಸ್ತಕ ಹಿಡಿದಿದ್ದವನು ಎದ್ದು, 'ಸೈನು ಹಾಕಿರೋರು ನೂರಾ ಹನ್ನೊಂದು, ಕೈ ನೂರಾ ಹನ್ನೆರಡು' ಎಂದ. ಭವನಕ್ಕೆ ಭವನವೇ ಒಬ್ಬರ ಮುಖ ಒಬ್ಬರು ನೋಡಿಕೊಂಡಿತು.

'ಯಾವನ್ಲಾ ಅವ್ನು ಎರಡೂ ಕಡೆ ಎತ್ದೋನು?' ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

'ಅನ್ನ ಎರಡು ಸಲ ಹಾಕುಸ್ಕಂಡೋನೇ ಇರ್ಬೇಕು, ನೋಡ್ರಲಾ' ಎಂದು ಇನ್ನೊಬ್ಬರು.

ನಾನೂ ಹಿಂದೆ ತಿರುಗಿ ಅವನನ್ನು ಹುಡುಕುವವನ ಹಾಗೆ ನೋಡಿದೆ. ಎಂಥ ನಾಚಿಕೆಗೆಟ್ಟವನಪ್ಪ ಎಂಬಂತೆ ತಲೆ ಕೂಡ ಅಲ್ಲಾಡಿಸಿದೆ. ಈರಾಚಾರ್ರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. 'ಹುಡುಕೋದು ಬೇಡ, ಯಾರಿಗೂ ಅವಮಾನ ಬೇಡ. ಎದ್ದು ನಿಂತ್ಕಳಿ ಎಲ್ರೂ. ಈ ಸಲ ಅನ್ನೋರು ಮೂಡಲ ಗೋಡೆಗೆ, ಮುಂದಿನ ಸಲ ಅನ್ನೋರು ಪಡುವಲ ಗೋಡೆಗೆ. ತಲೆ ಎಣಿಸುವ' ಎಂದರು. ಜನ ಎದ್ದರು, ಚಾಪೆ ತುಳಿದರು, ಆ ಕಡೆ ಈ ಕಡೆ ಸರಿದು ಗೋಡೆಗೆ ಒರಗಿದರು. ನಡುವೆ ಉಳಿದವರು ಇಬ್ಬರೇ. ಎಲೆ ತೆಗೆಯುತ್ತಿದ್ದ ಅಡುಗೆಯವನು, ಮತ್ತು ನಾನು. ಅಡುಗೆಯವನು ಸಂಘದ ಮೆಂಬರಲ್ಲ.

ಆಗ ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ನನಗೂ ರೋಷ ಬರುತ್ತಿತ್ತು. ಸೋಮ ಮೂಡಲ ಗೋಡೆಯಿಂದ, 'ಬಾ ಭಾವ, ನಮ್ ಅಕ್ಕನ ಮುಖ ನೋಡಾದ್ರೂ ಬಾ' ಎಂದ. ಈರಾಚಾರ್ರು ಮಾತ್ರ, ಮದುವೆ ಮನೆಯಲ್ಲಿ ನೆಂಟರನ್ನು ವಿಚಾರಿಸುವ ದನಿಯಲ್ಲಿ, 'ಹುಡುಗಿ ಚೆನ್ನಾಗವ್ಳಾ ಆಚಾರ್ರೇ? ಕಾಲೇಜು ಯಾವತ್ತಿಂದ?' ಎಂದರು. ಅಷ್ಟೇ ಕೇಳಿದ್ದು. ನೂರಾ ಹತ್ತು ಜನರ ಎದುರು ನಾನು ಪಡುವಲ ಗೋಡೆಗೆ ನಡೆದೆ. ಆ ಭವನ ಮೂವತ್ತು ಅಡಿ ಅಗಲ, ಅಡಿಪಾಯ ಹಾಕುವಾಗ ದಾರ ಹಿಡಿದವರಲ್ಲಿ ನಾನೂ ಒಬ್ಬ. ಅರ್ಧ ಅಗಲ ನಡೆಯಲು ಅಷ್ಟು ಹೊತ್ತು ಹಿಡಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಐವತ್ತೈದಕ್ಕೆ ಐವತ್ತಾರು. ಗುಟ್ಟಿನ ಚೀಟಿ ನಾಲ್ಕು ತಾಲ್ಲೂಕಿಗೆ ಮುಂದಿನ ಸಲದಿಂದ ಎಂದು, ನನ್ನ ಒಂದು ತಲೆಯಿಂದ ಪಾಸಾಯಿತು. ಚಪ್ಪಾಳೆ ತಟ್ಟಿದರು.

ಬಸ್ಸಿನಲ್ಲಿ ನಾಗಮಂಗಲದವರೆಗೆ ರತ್ನ ಕಿಟಕಿ ಆಚೆಗೇ ನೋಡುತ್ತಿದ್ದಳು. ಅಲ್ಲಿ ಇಳಿದು ನಮ್ಮೂರ ಬಸ್ಸಿಗೆ ಕಾಯುವಾಗ, 'ಇನ್ನು ಗೌರಿ ಹಬ್ಬಕ್ಕೆ ತವರಿಗೆ ನಾನೊಬ್ಳೇ ಹೋಗ್ಬೇಕಾಯ್ತದೆ' ಎಂದಳು. ಬಸ್ಸು ಬಂದು ಹತ್ತುವಾಗ, 'ನಾನಾಗಿದ್ರೂ ಆ ಗೋಡೆಗೇ ನಿಲ್ತಿದ್ದೆ' ಎಂದಳು. ಅವಳು ಸಮಾಧಾನಕ್ಕೆ ಹೇಳಿದಳೋ, ಸಿಟ್ಟಿಗೆ ಹೇಳಿದಳೋ, ಇವತ್ತಿಗೂ ಕೇಳುವ ಧೈರ್ಯವಾಗಿಲ್ಲ. ಮನೆಯಲ್ಲಿ ಚೈತ್ರ ಬಾಗಿಲಲ್ಲೇ ನಿಂತಿದ್ದಳು. 'ಚೀಟಿ ಬಂತಾ ಅಪ್ಪ?' ಎಂದಳು. 'ಮುಂದಿನ ಸಲ ಬತ್ತದಂತೆ' ಎಂದೆ. 'ನೀನು ಯಾವ ಕಡೆ ಎತ್ತಿದೆ?' 'ಎರಡೂ ಕಡೆ' ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ಚೀಲದಲ್ಲಿದ್ದ ಖಾಲಿ ಚೀಟಿಗಳನ್ನು ರತ್ನ ಒಲೆ ಹಚ್ಚಲು ಇಟ್ಟುಕೊಂಡಳು.

ಪಟ್ಟಿ ಬಂತು. ಚೈತ್ರಳಿಗೆ ಏಳನೇ ನಂಬರ್ ರೂಮು. ಮಾತಿಗೆ ತಪ್ಪದ ಮನುಷ್ಯ ಈರಾಚಾರ್ರು, ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಮೇಲಿಂದ ಇನ್ನೊಂದು ಗೌರವವನ್ನೂ ಕೊಟ್ಟರು. ಮುಂದಿನ ಸಲದ ಗುಪ್ತ ಮತದಾನಕ್ಕೆ ಏನೇನು ಬೇಕು ಎಂದು ನೋಡಲು ಐದು ಜನರ ಒಂದು ಸಮಿತಿ ಮಾಡಿ, ಅದರಲ್ಲಿ ನನ್ನ ಹೆಸರು ಸೇರಿಸಿದರು. ನಾಲ್ಕನೇ ಕ್ಲಾಸು ಓದಿದವನಿಗೆ ಸಮಿತಿ! ಅದರ ಮೊದಲ ಸಭೆ ಯಾವಾಗ ಎಂದು ಇನ್ನೂ ನಿಕ್ಕಿಯಾಗಿಲ್ಲ.

ಮಗಳನ್ನು ಸೇರಿಸಲು ಹೋದ ದಿನ ಹಾಸ್ಟೆಲ್ಲಿನ ಮುಂದೆ ಒಂದು ಆಟೋ ನಿಂತಿತ್ತು. ಏಳನೇ ನಂಬರಿನಿಂದ ಪವಿತ್ರ ಬಟ್ಟೆ ಗಂಟು ಎತ್ತಿಕೊಂಡು ಬರುತ್ತಿದ್ದಳು. ಹಿಂದೆ ಜಯಲಕ್ಷ್ಮಮ್ಮ, ಒಂದು ತಗಡಿನ ಟ್ರಂಕಿನ ಒಂದು ಕಡೆ ಹಿಡಿದು ಎಳೆಯುತ್ತಿದ್ದಳು. ಎರಡನೇ ವರ್ಷದವರನ್ನು ಮುಂದುವರಿಸುವುದು ಬಿಡುವುದು ಕಮಿಟಿಯ ಇಷ್ಟ ಎಂದು ಕಾಗದ ಬಂದಿತ್ತಂತೆ. ನನಗೆ ಅಲ್ಲಿಂದ ಹಾಗೇ ತಿರುಗಿ ಹೋಗಬೇಕು ಅನಿಸಿತು. ಆದರೆ ಭಾರ ಕಂಡರೆ ಕೈ ಹಾಕುವ ಅಭ್ಯಾಸ ನನ್ನದು, ಹೋಗಿ ಟ್ರಂಕಿನ ಇನ್ನೊಂದು ಕಡೆ ಹಿಡಿದೆ. ಇಬ್ಬರೂ ಸೇರಿ ಅದನ್ನು ಆಟೋದೊಳಗೆ ಇಟ್ಟೆವು. ಪುಸ್ತಕ ತುಂಬಿದ ಪೆಟ್ಟಿಗೆ ಎಷ್ಟು ಭಾರ ಇರುತ್ತದೆಂದು ಓದದವನಿಗೆ ಎಲ್ಲಿಂದ ಗೊತ್ತಿರಬೇಕು.

'ಇನ್ನೇನು ಮಾಡ್ತೀಯ ಜಯಕ್ಕ?' ಎಂದೆ.

'ಕೆ.ಆರ್.ಪೇಟೆ ಕಾಲೇಜಲ್ಲಿ ಕೇಳ್ಬೇಕು. ಎರಡನೇ ವರ್ಸಕ್ಕೆ ಸೇರಿಸ್ಕತಾರೋ ಇಲ್ವೋ' ಎಂದಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಚೈತ್ರಳನ್ನು ನೋಡಿದಳು. 'ರೂಮು ಒಳ್ಳೇದು ಕಣವ್ವ. ಫ್ಯಾನು ಮಾತ್ರ ಸದ್ದು ಮಾಡ್ತದೆ, ಎರಡು ದಿನಕ್ಕೆ ರೂಢಿಯಾಯ್ತದೆ' ಎಂದಳು. ನನ್ನ ಕಡೆ ತಿರುಗದೆ ಆಟೋ ಹತ್ತಿದಳು. ಅವಳು ಮೂಡಲ ಗೋಡೆಗೆ ಒರಗಿ ನಿಂತು, ನಾನು ನಡೆದದ್ದನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವಳು. ಆಟೋ ಹೊರಟ ಮೇಲೆ ಚೈತ್ರ ನನ್ನ ಮುಖ ನೋಡಿದಳು. ಈ ಸಲ ಯಾವ ಕಡೆ ಎಂದು ಅವಳು ಕೇಳಲಿಲ್ಲ. ಅವಳು ಬುದ್ಧಿವಂತೆ, ಸ್ಕೂಲಿಗೇ ಮೊದಲು ಬಂದವಳು.

ಅವಳು ಅಲ್ಲಿಗೆ ಹೋಗಿ ಈಗ ಒಂದು ತಿಂಗಳಾಯಿತು. ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಹೋದ ಭಾನುವಾರ ಮಾತಿಗೆ ಮಾತು ಬಂದು, ಹಾಸ್ಟೆಲ್ಲಿನ ಅಡುಗೆಮನೆ ನೋಡಿಕೊಳ್ಳಲು ಹುಡುಗಿಯರಲ್ಲೇ ಒಬ್ಬಳನ್ನು ಆರಿಸಿದರು ಎಂದಳು. ಹುಡುಗಿಯರೆಲ್ಲ ಸೇರಿ ಪಟ್ಟು ಹಿಡಿದು ಕೈ ಎತ್ತುವುದು ಬೇಡ ಎಂದರಂತೆ, ಕಾಗದ ಹರಿದು ಚೀಟಿ ಬರೆದು ಅಕ್ಕಿ ಡಬ್ಬಿಗೆ ಹಾಕಿದರಂತೆ, ಅರ್ಧ ಗಂಟೆಯಲ್ಲಿ ಮುಗಿದುಹೋಯಿತಂತೆ. ನನಗೆ ಬಹಳ ಖುಷಿಯಾಯಿತು. ನನ್ನ ಸಮಿತಿ ಮಾಡಬೇಕಾದ ಕೆಲಸವನ್ನು ಮಕ್ಕಳು ಮಾಡಿ ಮುಗಿಸಿದ್ದರು. 'ಭಲೇ! ಅದಿರಲಿ, ನೀನು ಯಾರಿಗೆ ಹಾಕ್ದೆ ಮಗ?' ಎಂದೆ.

'ಅದನ್ನ ಹೇಳಂಗಿಲ್ಲ ಅಪ್ಪ' ಎಂದಳು.

'ನಂಗೆ ಹೇಳೋಕೇನು? ನಾನೇನು ಹೊರಗಿನೋನಾ?'

'ನಿಂಗೂ ಹೇಳಲ್ಲ.'

ನನಗೆ ಸಿಟ್ಟು ನೆತ್ತಿಗೇರಿತು. ಇವಳ ಓದಿಗಾಗಿ ನಾನು ಏನೆಲ್ಲ ಮಾಡಿದ್ದೇನೆ, ಹೆತ್ತ ಅಪ್ಪನಿಗೆ ಹೇಳಬಾರದಂಥ ಗುಟ್ಟು ಇವಳಿಗೆ ಎಲ್ಲಿಂದ ಬಂತು ಎಂದು ಫೋನಿನಲ್ಲೇ ಗದರಿದೆ. ಅವಳು ಮೆತ್ತಗೆ, 'ಊಟಕ್ಕೆ ಹೊತ್ತಾಯ್ತು ಅಪ್ಪ' ಎಂದು ಇಟ್ಟುಬಿಟ್ಟಳು. ಎರಡು ದಿನ ಅನ್ನ ಸೇರಲಿಲ್ಲ. ರತ್ನ ಹೇಳಿದಳು, 'ನಿಮ್ಗೆ ಭಯ ಕಣ್ರೀ. ಅವ್ಳು ಹೇಳ್ದೆ ಇರೋದು ಇದೊಂದೇ ಅಂತ ಏನು ಗ್ಯಾರಂಟಿ' ಎಂದು. ನಾನು ಕೊಟ್ಟಿಗೆಗೆ ಹೋಗಿ, ಯಾವುದೋ ಬಾಗಿಲಿಗೆ ರಂದ ಹೊಡೆಯುತ್ತಾ ಕುಳಿತೆ. ಮಗಳು ನನಗೆ ಹೆದರುವುದಿಲ್ಲ ಎಂದು ಹೆಮ್ಮೆಪಡಬೇಕು, ಹೌದು. ಮುಂದಿನ ಸಲ ಅವಳು ಫೋನು ಮಾಡಿದಾಗ ಪಡುತ್ತೇನೆ.